ಫೈಬ್ರೋಸಿಸ್: ಪೆಟ್ಟು ನಿಂತರೂ ನಾರು ಯಾಕೆ ನಿಲ್ಲುವುದಿಲ್ಲ?

ಪೆಟ್ಟು ಬಿತ್ತು, ಉರಿಯೂತ ಬಂತು, ನಾರು ಹೆಣೆಯುವ ಕೋಶಗಳಾದ ಫೈಬ್ರೋಬ್ಲಾಸ್ಟ್‌ಗಳು ಎದ್ದವು, ನಾರಿನ ಪ್ರೋಟೀನ್ ಆದ ಕೊಲಾಜೆನ್ ಸುರಿಯಿತು, ಅಂಗ ಗಟ್ಟಿಯಾಯಿತು. ಫೈಬ್ರೋಸಿಸ್‌ನ ಈ ಬಾಣದ ಚಿತ್ರ ಒಂದೇ ಓದಿಗೆ ಬಾಯಿಪಾಠ ಆಗುತ್ತದೆ. ತೊಂದರೆ ಏನೆಂದರೆ, ಬೆರಳು ಕುಯ್ದುಕೊಂಡಾಗಲೂ ಇದೇ ಚಿತ್ರ ನಿಜ. ಅಲ್ಲಿ ಕೆಲಸ ಮುಗಿದ ಮೇಲೆ ಎಲ್ಲ ತಣ್ಣಗಾಗುತ್ತದೆ. ಶ್ವಾಸಕೋಶದಲ್ಲೋ ಮೂತ್ರಪಿಂಡದಲ್ಲೋ ಆಗುವುದಿಲ್ಲ. ಯಾಕೆ ಎನ್ನುವುದೇ ಈ ಟಿಪ್ಪಣಿಯ ಬಹುಭಾಗ.

ಕೋಶಗಳು, ಬೇಗ ಬೇಗ

ಮುಖ್ಯ ಪಾತ್ರ ಮಯೋಫೈಬ್ರೋಬ್ಲಾಸ್ಟ್‌ನದು. ವಾಸಿಯಾಗುತ್ತಿರುವ ಗಾಯದಲ್ಲಿ ಇದನ್ನು 1971ರಲ್ಲಿ ಗಬ್ಬಿಯಾನಿ ಮತ್ತು ಸಂಗಡಿಗರು ವರ್ಣಿಸಿದರು. ನಾರನ್ನೂ ಹೆಣೆಯುತ್ತದೆ, ಸ್ನಾಯುವಿನಂತೆ ಕುಗ್ಗಿ ಎಳೆಯುತ್ತದೆ ಕೂಡ. ಈ ಎಳೆತ ನೆನಪಿರಲಿ, ಮುಂದೆ ಬೇಕಾಗುತ್ತದೆ. ಪರೀಕ್ಷೆಯಲ್ಲಿ ಗುರುತು ಕೇಳಿದರೆ ಆಲ್ಫಾ ಸ್ಮೂತ್ ಮಸಲ್ ಆಕ್ಟಿನ್.

ಯಕೃತ್ತಿನಲ್ಲಿ ಇವು ಬಹುಪಾಲು ಸ್ಟೆಲ್ಲೇಟ್ ಕೋಶಗಳಿಂದ ಬರುತ್ತವೆ (ಆರೋಗ್ಯವಿದ್ದಾಗ ಎ ಜೀವಸತ್ವ ಕೂಡಿಟ್ಟುಕೊಂಡು ಸುಮ್ಮನೆ ಕೂತಿರುವಂಥವು). ಮೂತ್ರಪಿಂಡದಲ್ಲಿ ಪೆರಿಸೈಟ್‌ಗಳು (ಸಣ್ಣ ರಕ್ತನಾಳಗಳನ್ನು ಹೊರಗಿನಿಂದ ತಬ್ಬಿಕೊಂಡಿರುವ ಕೋಶಗಳು) ಮತ್ತು ಅಲ್ಲೇ ಇರುವ ಫೈಬ್ರೋಬ್ಲಾಸ್ಟ್‌ಗಳಿಂದ. ಹೃದಯಾಘಾತದ ನಂತರದ ಕಲೆಯ ಲೆಕ್ಕ ಬೇರೆ: ಸತ್ತ ಸ್ನಾಯುವಿನ ಜಾಗಕ್ಕೆ ನಾರು ಬಾರದಿದ್ದರೆ ಹೃದಯದ ಗೋಡೆಯೇ ಒಡೆಯಬಹುದು. ಹಾಗಾಗಿ "ಫೈಬ್ರೋಸಿಸ್ ಕೆಟ್ಟದ್ದು" ಎಂದು ಬರೆದು ಅಡಿಗೆರೆ ಎಳೆಯಬೇಡಿ.

ಟಿಜಿಎಫ್-ಬೀಟಾ: ತಲೆ ಕೆಡಿಸುವ ಜಾಗ

ಟಿಜಿಎಫ್-ಬೀಟಾ ಎಂದರೆ ಕೋಶಗಳ ನಡುವೆ ಸಂದೇಶ ಒಯ್ಯುವ ಒಂದು ಪ್ರೋಟೀನ್. "ಟಿಜಿಎಫ್-ಬೀಟಾ ಹೆಚ್ಚಾಗುತ್ತದೆ, ಫೈಬ್ರೋಸಿಸ್ ಆಗುತ್ತದೆ" ಎಂದು ಎಲ್ಲ ಕಡೆ ಬರೆದಿರುತ್ತಾರೆ. ಅದರ ಜೊತೆಗೇ, ಆರೋಗ್ಯವಂತ ಅಂಗಾಂಶದಲ್ಲೂ ಟಿಜಿಎಫ್-ಬೀಟಾದ ದೊಡ್ಡ ದಾಸ್ತಾನು ಇರುತ್ತದೆ ಎಂದೂ ಬರೆದಿರುತ್ತಾರೆ. ದಾಸ್ತಾನು ಇದ್ದೂ ಏನೂ ಆಗುವುದಿಲ್ಲ ಎಂದರೆ ಹೇಗೆ?

ಉತ್ತರ: ಅದು ಕಟ್ಟಿಹಾಕಿದ ಸ್ಥಿತಿಯಲ್ಲಿರುತ್ತದೆ. ಕೋಶ ಅದನ್ನು ಹೊರಗೆ ಬಿಡುವಾಗಲೇ ಎಲ್‌ಎಪಿ ಎಂಬ ಪ್ರೋಟೀನ್ ಸುತ್ತಿಕೊಂಡಿರುತ್ತದೆ. ಆ ಇಡೀ ಕಟ್ಟನ್ನು ಎಲ್‌ಟಿಬಿಪಿ ಎಂಬ ಇನ್ನೊಂದು ಪ್ರೋಟೀನ್ ಕೋಶದ ಹೊರಗಿನ ನಾರುಜಾಲಕ್ಕೆ ಬಿಗಿಯುತ್ತದೆ. ಸುತ್ತು ಬಿಚ್ಚದೆ ಟಿಜಿಎಫ್-ಬೀಟಾ ತನ್ನ ಗ್ರಾಹಕವನ್ನು ಮುಟ್ಟಲಾರದು.

ಬಿಚ್ಚುವ ದಾರಿಗಳು ಹಲವು. ಇಲ್ಲಿ ಮುಖ್ಯವಾದದ್ದು ಎಳೆತ. ಕೋಶದ ಮೇಲಿನ ಹಿಡಿಕೆಗಳಂಥ ಪ್ರೋಟೀನ್‌ಗಳಾದ ಇಂಟೆಗ್ರಿನ್‌ಗಳು (ಶ್ವಾಸಕೋಶದ ಒಳಪದರವಾದ ಎಪಿಥೀಲಿಯಂನಲ್ಲಿ ಆಲ್ಫಾ-ವಿ ಬೀಟಾ-6) ಎಲ್‌ಎಪಿಯನ್ನು ಹಿಡಿದು ಜಗ್ಗುತ್ತವೆ. ಗೂಟಕ್ಕೆ ಕಟ್ಟಿದ ಜಾರುಗಂಟನ್ನು ಯೋಚಿಸಿ: ಗೂಟ ಕೆಸರಿನಲ್ಲಿದ್ದರೆ ಜಗ್ಗಿದಾಗ ಗೂಟವೇ ವಾಲಿಕೊಂಡು ಬರುತ್ತದೆ, ಗಂಟು ಹಾಗೇ ಉಳಿಯುತ್ತದೆ. ಗಟ್ಟಿ ನೆಲದಲ್ಲಿದ್ದರೆ ಗಂಟು ಬಿಚ್ಚುತ್ತದೆ. ಮೆತ್ತನೆಯ ಅಂಗಾಂಶದಲ್ಲಿ ನಾರುಜಾಲ ಎಳೆತದ ಜೊತೆಗೇ ಬಂದುಬಿಡುತ್ತದೆ, ಎಲ್‌ಎಪಿ ಮೇಲೆ ಬಲವೇ ಬೀಳುವುದಿಲ್ಲ. ಗಟ್ಟಿಯಾದ ಅಂಗಾಂಶದಲ್ಲಿ ಅದೇ ಎಳೆತಕ್ಕೆ ಎಲ್‌ಎಪಿಯ ಆಕಾರ ಬಿಚ್ಚಿ ಟಿಜಿಎಫ್-ಬೀಟಾ ಹೊರಬರುತ್ತದೆ.

ಈಗ ಬಾಣಗಳನ್ನು ಮತ್ತೆ ಬರೆಯಿರಿ. ಟಿಜಿಎಫ್-ಬೀಟಾ ಬಿಡುಗಡೆಯಾಗಿ ಕೋಶದೊಳಗೆ ಸಂದೇಶ ಸಾಗಿಸುವ ಸ್ಮ್ಯಾಡ್-2, ಸ್ಮ್ಯಾಡ್-3 ಪ್ರೋಟೀನ್‌ಗಳ ಮೂಲಕ ಕೊಲಾಜೆನ್ ಜೀನ್‌ಗಳನ್ನು ಎಬ್ಬಿಸುತ್ತದೆ, ಹೊಸ ಮಯೋಫೈಬ್ರೋಬ್ಲಾಸ್ಟ್‌ಗಳನ್ನು ಮಾಡುತ್ತದೆ. ಅವು ನಾರು ಸೇರಿಸುತ್ತವೆ, ಲೈಸಿಲ್ ಆಕ್ಸಿಡೇಸ್ ಕಿಣ್ವ ಆ ನಾರುಗಳನ್ನು ಒಂದಕ್ಕೊಂದು ಬೆಸೆಯುತ್ತದೆ, ಜಾಲ ಇನ್ನೂ ಗಟ್ಟಿಯಾಗುತ್ತದೆ, ಮುಂದಿನ ಎಳೆತ ಇನ್ನೂ ಸುಲಭವಾಗಿ ಗಂಟು ಬಿಚ್ಚುತ್ತದೆ. ಕೊನೆಯ ಬಾಣ ಮೊದಲನೆಯದಕ್ಕೇ ಬಂದು ಕೂಡಿತು. ಈ ಸುತ್ತು ತಿರುಗಲು ಮೊದಲ ಪೆಟ್ಟು ಇನ್ನೂ ಇರಲೇಬೇಕೆಂದಿಲ್ಲ. ಗಡಸುತನ ರೋಗದ ಫಲವೂ ಹೌದು, ಕಾರಣವೂ ಹೌದು. ನನ್ನ ಮಟ್ಟಿಗೆ ಇಡೀ ಅಧ್ಯಾಯದಲ್ಲಿ ಇದೊಂದು ಗಟ್ಟಿಯಾದರೆ ಉಳಿದದ್ದು ತಾನಾಗಿ ಕೂಡಿಕೊಳ್ಳುತ್ತದೆ.

ಇನ್ನೊಂದು ಕಡೆ ಕರಗಿಸುವ ಕೆಲಸ. ಎಂಎಂಪಿ ಕಿಣ್ವಗಳು ನಾರು ಕತ್ತರಿಸುತ್ತವೆ, ಟಿಂಪ್‌ಗಳು ಅವನ್ನು ತಡೆಯುತ್ತವೆ. ಹೆಚ್ಚು ಬೆಸೆದ ಕೊಲಾಜೆನ್ ಕತ್ತರಿಸಲು ಕಷ್ಟ. ಸದ್ಯಕ್ಕೆ ಇಷ್ಟು ಸಾಕು.

ಚಿಕಿತ್ಸೆ

ಉರಿಯೂತ ತಗ್ಗಿಸಿದರೆ ಸಾಲದೇ? ಇಡಿಯೋಪಥಿಕ್ ಪಲ್ಮನರಿ ಫೈಬ್ರೋಸಿಸ್‌ನಲ್ಲಿ (ಕಾರಣ ಗೊತ್ತಾಗದ ಶ್ವಾಸಕೋಶದ ಫೈಬ್ರೋಸಿಸ್), ಅಂದರೆ ಐಪಿಎಫ್‌ನಲ್ಲಿ, ಸಾಲದು. ಉರಿಯೂತ ಮತ್ತು ರೋಗನಿರೋಧಕ ಪ್ರತಿಕ್ರಿಯೆ ತಗ್ಗಿಸುವ ಪ್ರೆಡ್ನಿಸೋನ್, ಅಜಥಯೋಪ್ರಿನ್, ಜೊತೆಗೆ ಉತ್ಕರ್ಷಣ ನಿರೋಧಕವಾದ ಎನ್-ಅಸಿಟೈಲ್‌ಸಿಸ್ಟೀನ್, ಈ ಮೂರನ್ನೂ ಒಟ್ಟಿಗೆ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2012ರಲ್ಲಿ ಬಂತು: ಆ ಗುಂಪಿನಲ್ಲೇ ಸಾವು ಹೆಚ್ಚು. ಸುತ್ತು ತಿರುಗುತ್ತಿರುವುದು ಬೇರೆಲ್ಲೋ ಎಂದು ಗೊತ್ತಿದ್ದರೆ ಇದು ಅಷ್ಟು ಒಗಟಾಗಿ ಕಾಣುವುದಿಲ್ಲ.

ಅಮೆರಿಕದ ಎಫ್‌ಡಿಎ 2014ರಲ್ಲಿ ಐಪಿಎಫ್‌ಗೆ ಎರಡು ಔಷಧ ಒಪ್ಪಿತು: ಪಿರ್ಫೆನಿಡೋನ್, ನಿಂಟೆಡಾನಿಬ್. ಎರಡನೆಯದು ಪಿಡಿಜಿಎಫ್, ಎಫ್‌ಜಿಎಫ್, ವಿಇಜಿಎಫ್ ಎಂಬ ಬೆಳವಣಿಗೆ ಸಂದೇಶಗಳ ಗ್ರಾಹಕಗಳನ್ನು ತಡೆಯುತ್ತದೆ. ಅದರ ಒಂದು ದೊಡ್ಡ ಪ್ರಯೋಗದಲ್ಲಿ ಉಸಿರಿನ ಸಾಮರ್ಥ್ಯ (ಎಫ್‌ವಿಸಿ) ಹುಸಿಮಾತ್ರೆಯವರಲ್ಲಿ ವರ್ಷಕ್ಕೆ ಸುಮಾರು 240 ಮಿ.ಲೀ. ಕುಸಿದರೆ, ಔಷಧದವರಲ್ಲಿ ಸುಮಾರು 115 ಮಿ.ಲೀ. ಕುಸಿಯಿತು. ವೇಗ ಅರ್ಧಕ್ಕಿಳಿಯಿತು, ಕಳೆದುಹೋದದ್ದು ವಾಪಸ್ ಬರಲಿಲ್ಲ.

ಟಿಜಿಎಫ್-ಬೀಟಾವನ್ನೇ ಪೂರ್ತಿ ಮುಚ್ಚಿಬಿಡೋಣ ಎನ್ನುವುದು ಎಲ್ಲರಿಗೂ ಹೊಳೆಯುವ ಉಪಾಯ. ಆದರೆ ಟಿಜಿಎಫ್-ಬೀಟಾ ರೋಗನಿರೋಧಕ ವ್ಯವಸ್ಥೆಯನ್ನು ಹದ್ದುಬಸ್ತಿನಲ್ಲಿಡುತ್ತದೆ, ಕೋಶಗಳ ಅತಿ ವಿಭಜನೆಯನ್ನೂ ತಡೆಯುತ್ತದೆ. ಆದ್ದರಿಂದಲೇ ರೋಗವಿರುವ ಜಾಗದ ಇಂಟೆಗ್ರಿನ್ ಮಾತ್ರ ತಡೆಯುವ ಪ್ರಯತ್ನಗಳು. ಬೆಸುಗೆ ಹಾಕುವ ಕಿಣ್ವಗಳಲ್ಲೊಂದಾದ ಎಲ್‌ಒಎಕ್ಸ್‌ಎಲ್-2 ವಿರುದ್ಧ ಸಿಮ್ಟುಜುಮ್ಯಾಬ್ ಎಂಬ ಪ್ರತಿಕಾಯ ಕೊಟ್ಟು ನೋಡಿದರು, ಕಾಗದದ ಮೇಲೆ ಚೆಂದವಿದ್ದದ್ದು ರೋಗಿಗಳಲ್ಲಿ ಫಲಿಸಲಿಲ್ಲ.

ಹಿಂದಿರುಗುವ ವಿಷಯದಲ್ಲಿ ಯಕೃತ್ತು ಉಳಿದ ಅಂಗಗಳಿಗಿಂತ ಉದಾರಿ. ಹೆಪಟೈಟಿಸ್ ಬಿ ಇದ್ದು ಸಿರೋಸಿಸ್ (ಯಕೃತ್ತಿನ ಫೈಬ್ರೋಸಿಸ್‌ನ ಕೊನೆಯ ಹಂತ) ಆಗಿದ್ದ 96 ಜನರಿಗೆ ಐದು ವರ್ಷ ವೈರಸ್ ತಡೆಯುವ ಟೆನೊಫೊವಿರ್ ಕೊಟ್ಟ ಮೇಲೆ ಬಯಾಪ್ಸಿ ಮಾಡಿದಾಗ 71 ಜನರಲ್ಲಿ ಸಿರೋಸಿಸ್ ಇರಲಿಲ್ಲ. ಔಷಧ ಮುಟ್ಟಿದ್ದು ವೈರಸ್ಸನ್ನು, ನಾರನ್ನಲ್ಲ. ಮೇಲಿನ ಸುತ್ತಿನ ಮಾತಿಗೆ ಇದು ವಿರೋಧ ಅನ್ನಿಸಬಹುದು. ಸುತ್ತು ಎಲ್ಲ ಅಂಗದಲ್ಲೂ ಒಂದೇ ಬಿಗಿಯಲ್ಲಿ ಇರುವುದಿಲ್ಲ ಎಂದು ಓದಿಕೊಳ್ಳಿ. ಕೊಬ್ಬಿನ ಯಕೃತ್ತಿನಿಂದ ಬರುವ ಫೈಬ್ರೋಸಿಸ್‌ಗೆ 2024ರ ಮಾರ್ಚ್‌ನಲ್ಲಿ ಒಪ್ಪಿಗೆ ಪಡೆದ ರೆಸ್ಮೆಟಿರಾಮ್ ಕೂಡ ಯಕೃತ್ತಿನ ಥೈರಾಯ್ಡ್ ಗ್ರಾಹಕದ ಮೂಲಕ ಮೂಲ ಕಾರಣವನ್ನೇ ಹಿಡಿಯುತ್ತದೆ.

ಪೆಟ್ಟು ನಿಂತ ಮೇಲೆ ಆ ಮಯೋಫೈಬ್ರೋಬ್ಲಾಸ್ಟ್‌ಗಳು ಎಲ್ಲಿ ಹೋಗುತ್ತವೆ? ಇಲಿಗಳ ಯಕೃತ್ತಿನಲ್ಲಿ ನೋಡಿದಾಗ ಕೆಲವು ಸತ್ತವು, ಸುಮಾರು ಅರ್ಧದಷ್ಟು ಮತ್ತೆ ಸುಮ್ಮನಾದವು. ಸುಮ್ಮನಾದವು ಪೂರ್ತಿ ಹಳೆಯ ಸ್ಟೆಲ್ಲೇಟ್ ಕೋಶಗಳಾಗಲಿಲ್ಲ. ಎರಡನೇ ಸಲ ಪೆಟ್ಟು ಕೊಟ್ಟಾಗ ಹೊಸಬರಿಗಿಂತ ಬೇಗ ಎದ್ದು ನಿಂತವು.