ನೊಣದ ಕಾಲಿಗೆ ತಾಗಿದ ಬೆಲ್ಲದ ನೀರು

ಜೂನ್ ಮಳೆಯಲ್ಲಿ ತೀರ್ಥಹಳ್ಳಿ ಹತ್ತಿರದ ಅತ್ತೆ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಕೂತು ಬಕ್ಕೆ ಹಲಸು ಬಿಡಿಸುತ್ತಿದ್ದೆವು. ನಾಲ್ಕು ತೊಳೆ ತಟ್ಟೆಗೆ ಬೀಳುವಷ್ಟರಲ್ಲಿ ಸಣ್ಣ ನೊಣಗಳು ಬಂದೇ ಬಿಟ್ಟವು.

'ಇಲ್ನೋಡೇ, ಓಡಾಡ್ತಾ ಇದ್ದದ್ದು ಗಕ್ಕನೆ ನಿಂತು ಬಿಡ್ತು. ಬಾಯಿ ಇನ್ನೂ ಇಟ್ಟೇ ಇಲ್ಲ, ಸಿಹಿ ಅಂತ ಹೆಂಗೆ ಗೊತ್ತಾಯ್ತು?' ಎಂದರು ಅತ್ತೆ.

ಎಷ್ಟೋ ವರ್ಷದಿಂದ ಶಿವಮೊಗ್ಗದಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಇಷ್ಟು ಚೆನ್ನಾಗಿ ನೋಡಿ ಕೇಳುವವರು ಕಡಿಮೆ. ಗೊತ್ತಾಗಿದ್ದು ಕಾಲಿನಿಂದ, ಅತ್ತೆ.

ಮಾವಿನಕಾಯಿಗೆ ಚುಚ್ಚಿ ಮೊಟ್ಟೆ ಇಡುವ, ರೈತರು ಹಣ್ಣುನೊಣ ಅನ್ನುವುದು ಬೇರೆ. ಇದು ಡ್ರೋಸೋಫಿಲಾ. ಕೆಂಪು ಕಣ್ಣು, 3 ಮಿಲಿಮೀಟರ್ ಉದ್ದ ಇದ್ದರೆ ಹೆಚ್ಚು. ನಮ್ಮ ಲ್ಯಾಬಿನಲ್ಲಿ ರವೆ, ಬೆಲ್ಲ, ಅಗರ್ ಕಾಯಿಸಿ ಬಾಟಲಿಗೆ ಹೊಯ್ದು, ಮೇಲೆ ಯೀಸ್ಟ್ ಹಾಕಿ ಸಾಕುತ್ತೇವೆ. ಕಾಯಿಸುವ ದಿನ ಕಾರಿಡಾರ್ ತುಂಬಾ ಪಾಯಸದ ಪರಿಮಳ.

ದೂರದಿಂದ ಅದು ಬರುವುದು ವಾಸನೆ ಹಿಡಿದು. ಹುಳಿ ಬರುತ್ತಿರುವ ಹಣ್ಣಿನ ವಾಸನೆ ಅಂದರೆ ಅದಕ್ಕೆ ಪ್ರಾಣ. ಹಣ್ಣಿನ ಮೇಲೆ ಇಳಿದ ಮೇಲೆ ರುಚಿಯ ಕೆಲಸ ಶುರು. ಕಾಲಿನ ತುದಿಯಲ್ಲಿ ಸಣ್ಣ ಕೂದಲುಗಳಿವೆ. ಒಂದೊಂದರ ತುದಿಯಲ್ಲೂ ಒಂದು ತೂತು, ಒಳಗೆ ರುಚಿ ಹಿಡಿಯುವ ನರಕೋಶಗಳು. ಇಂಥವೇ ಕೂದಲು ಆಹಾರ ಹೀರುವ ಸೊಂಡಿಲಿನ ತುದಿಯಲ್ಲಿವೆ, ರೆಕ್ಕೆಯ ಅಂಚಿನಲ್ಲೂ ಇವೆ. ಗಂಟಲೊಳಗೆ ಬೇರೆ ರುಚಿಕೋಶಗಳಿವೆ.

ಮಕ್ಕಳಿಗೆ ಇದನ್ನು ತೋರಿಸುವುದು ನನಗೆ ಬಹಳ ಇಷ್ಟ. ನೊಣಕ್ಕೆ ಹಿಂದಿನ ದಿನದಿಂದ ನೀರು ಮಾತ್ರ. ಐಸ್ ಮೇಲಿಟ್ಟು ಮಂಪರು ಬರಿಸಿ, ಬೆನ್ನಿಗೆ ಒಂದು ಚುಕ್ಕೆ ನೇಲ್ ಪಾಲಿಶ್ ಹಚ್ಚಿ ಗಾಜಿನ ಪಟ್ಟಿಗೆ ಅಂಟಿಸುತ್ತೇವೆ. ಎಚ್ಚರವಾದ ಮೇಲೆ ಮೊದಲು ಸಾಕೆನ್ನುವಷ್ಟು ನೀರು ಕುಡಿಸಬೇಕು. ಇಲ್ಲದಿದ್ದರೆ ಬಾಯಾರಿಕೆಗೇ ಸೊಂಡಿಲು ಚಾಚುತ್ತದೆ, ನಾವು ಸಿಹಿಗೆ ಅಂದುಕೊಂಡು ಮೋಸ ಹೋಗುತ್ತೇವೆ. ಆಮೇಲೆ ಸಕ್ಕರೆ ನೀರಲ್ಲಿ ಅದ್ದಿದ ಬತ್ತಿಯನ್ನು ಮುಂಗಾಲಿಗೆ ಮುಟ್ಟಿಸಬೇಕು. ಕಾಲಿಗೆ ಮಾತ್ರ. ತಲೆಯ ಕೆಳಗೆ ಮಡಚಿಕೊಂಡಿದ್ದ ಸೊಂಡಿಲು ಕಣ್ಣು ಮಿಟುಕಿಸುವಷ್ಟರಲ್ಲಿ ಹೊರಗೆ ಬರುತ್ತದೆ!

'ಹಂಗಾದ್ರೆ ವಿಷದ ಮೇಲೆ ಕಾಲಿಟ್ರೆ, ಮೇಡಂ?' ಎಂದು ಒಬ್ಬಳು ಕೇಳಿದಳು. ಅದೇ ಸಕ್ಕರೆ ನೀರಿಗೆ ಕಡು ಕಹಿಯ ಕ್ವಿನೈನ್ ಬೆರೆಸಿ ಮುಟ್ಟಿಸಿದೆವು. ಸೊಂಡಿಲು ಅಲ್ಲಾಡಲಿಲ್ಲ. ಕಹಿ ಹಿಡಿಯುವ ಕೋಶಗಳೂ ಕಾಲಿನಲ್ಲಿವೆ, ಕಹಿಯ ಮುಂದೆ ಸಿಹಿಯ ಮಾತು ನಡೆಯುವುದಿಲ್ಲ.

ಒಂದೇ ಸಿಹಿಗೆ ಇಷ್ಟು ಕಡೆ ನಾಲಿಗೆ ಯಾಕೆ ಅಂತ ಅನಿಸುತ್ತದೆ, ಅಲ್ವಾ? ಸುಮ್ನೆ ಜಾಸ್ತಿ ಇಟ್ಟುಕೊಂಡದ್ದಲ್ಲ. ಒಂದೊಂದು ಜಾಗಕ್ಕೆ ಒಂದೊಂದು ಕೆಲಸ. ಕಾಲಿನಲ್ಲೇ ಎರಡು ಬಗೆಯ ಸಿಹಿ ಕೋಶಗಳಿವೆ. ಕೆಲವು ಎದೆಭಾಗದ ನರಗಂಟಿಗೆ ಸುದ್ದಿ ಮುಟ್ಟಿಸಿ ನಡಿಗೆ ನಿಲ್ಲಿಸುತ್ತವೆ. ಅತ್ತೆ ಕಂಡದ್ದು ಇದನ್ನೇ. ಇನ್ನು ಕೆಲವು ನೇರ ಮಿದುಳಿಗೆ ಹೋಗಿ ತಿನ್ನುವ ಕೆಲಸ ಶುರು ಮಾಡಿಸುತ್ತವೆ. ಸೊಂಡಿಲು ಹೀರತೊಡಗಿದ ಮೇಲೆ, ಹೀರುತ್ತಲೇ ಇರು ಎನ್ನುವುದು ಗಂಟಲಿನ ಕೋಶಗಳು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮಿದುಳಿನ ಒಳಗಿರುವ ಕೆಲವೇ ಕೋಶಗಳು. ಅವು ನೊಣದ ರಕ್ತದಲ್ಲಿರುವ ಫ್ರಕ್ಟೋಸ್ ಎಂಬ ಸಕ್ಕರೆಯನ್ನೇ ರುಚಿ ನೋಡುತ್ತವೆ. ಸಿಹಿ ತಿಂದಾಗ ರಕ್ತದಲ್ಲಿ ಫ್ರಕ್ಟೋಸ್ ಏರುತ್ತದೆ. ಹಸಿದ ನೊಣಕ್ಕೆ ಆ ಕೋಶಗಳು ಇನ್ನೂ ತಿನ್ನು ಅನ್ನುತ್ತವೆ, ಹೊಟ್ಟೆ ತುಂಬಿದ್ದಕ್ಕೆ ಸಾಕು ಅನ್ನುತ್ತವೆ.

ಅತ್ತೆಗೆ ಇಷ್ಟು ಹೇಳುವಷ್ಟರಲ್ಲಿ ತಟ್ಟೆಯ ನೊಣ ಕುಡಿದು ಮುಗಿಸಿತ್ತು. ಸೊಂಡಿಲು ಮಡಚಿ, ತೊಳೆಯ ಅಂಚಿಗೆ ಬಂದು, ಮುಂಗಾಲು ಎರಡನ್ನೂ ಒಂದಕ್ಕೊಂದು ಉಜ್ಜಿಕೊಳ್ಳುತ್ತಾ ಕೂತಿತ್ತು.