ಗುಡಿ ಹಿಂದಿನ ಕಲ್ಲು

ಮಂಡ್ಯ ಸೀಮೆಯ ಒಂದು ಊರಿನಿಂದ ಫೋನ್ ಬಂತು. "ನಮ್ಮೂರ ಗುಡಿ ಹಿಂದೆ ಒಂದು ಗೊಂಬೆ ಕಲ್ಲಿದೆ ಸಾರ್, ಬಂದು ನೋಡಿ." ಹೋದೆ. ಗುಡಿಯೊಳಗೆ ಹೊಸ ಟೈಲ್ಸ್, ಗೋಪುರಕ್ಕೆ ಹೊಸ ಬಣ್ಣ. ಹಿಂದೆ ಲಂಟಾನ ಪೊದೆ, ಒಡೆದ ಹೆಂಚಿನ ರಾಶಿ. ಅದರ ನಡುವೆ ಅರ್ಧ ಹೂತುಹೋದ ಒಂದು ವೀರಗಲ್ಲು, ಹೋರಾಡಿ ಸತ್ತವರ ನೆನಪಿಗೆ ನಿಲ್ಲಿಸುತ್ತಿದ್ದ ಕಲ್ಲು. ಯಾರೋ ಅದಕ್ಕೆ ಎಮ್ಮೆ ಕಟ್ಟಿದ್ದರು.

ನೋಡಿ ನನಗೆ ಸಮಾಧಾನವೇ ಆಯಿತು. ಕೆತ್ತನೆ ಚೂಪಾಗಿಯೇ ಇತ್ತು. ಊರು ಮರೆತ ಕಲ್ಲು ಹೇಗೋ ಉಳಿಯುತ್ತದೆ. ಊರಿಗೆ ನೆನಪಾದ ಕಲ್ಲೇ ಹಾಳಾಗುವುದು ಜಾಸ್ತಿ. ಇಷ್ಟು ವರ್ಷ ಕಲ್ಲುಗಳ ಹಿಂದೆ ಅಲೆದು ನಾನು ಕಂಡಿದ್ದು ಇದು.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಅಂಕಣ. ಕೆಳಗೆ ಕಾಳಗ. ನಡುವೆ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು. ಮೇಲೆ ಅವನು ಲಿಂಗದ ಮುಂದೆ ಕೈಮುಗಿದು ಕೂತಿರುವುದು. ತುದಿಯಲ್ಲಿ ಸೂರ್ಯ ಚಂದ್ರ, ಅವರಿಬ್ಬರು ಇರೋವರೆಗೂ ಇವನ ಹೆಸರು ಇರಲಿ ಅಂತ. ಇಲ್ಲಿ ಮೇಲಿನ ಎರಡು ಅಂಕಣ ಕಾಣುತ್ತಿದ್ದವು, ಕೆಳಗಿನದು ಮಣ್ಣಲ್ಲಿತ್ತು. ಅವನು ಹೇಗೆ ಸತ್ತ ಅನ್ನೋದು ಇರುವುದೇ ಅಲ್ಲಿ. ಹಾರೆ ಬೇಡ ಅಂದು ಕೈಯಲ್ಲೇ ಮಣ್ಣು ಸರಿಸಿದೆವು. ಮೊದಲು ಕೊಂಬು ಕಂಡಿತು. ಆಮೇಲೆ ಸಾಲಾಗಿ ನಾಲ್ಕು ಹಸು. ತುರುಗೊಳ್! ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವನ ಕಲ್ಲು ಇದು. ಅವನಿಗೆ ಎಮ್ಮೆ ಕಟ್ಟಿದ್ದಾರಲ್ಲ, ಬೇಜಾರೇನೂ ಮಾಡಿಕೊಂಡಿರಲಾರ ಬಿಡಿ.

ಅಂಕಣಗಳ ನಡುವಿನ ಪಟ್ಟಿಯಲ್ಲಿ ಬರಹವಿತ್ತು. ಹಗಲಲ್ಲಿ ಬರೀ ಗೀಚಿದ ಹಾಗೆ ಕಾಣುತ್ತದೆ. ಅಕ್ಷರಕ್ಕೆ ಸುಣ್ಣವೋ ಚಾಕ್‌ಪೀಸೋ ತುಂಬಿ ಓದುವವರಿದ್ದಾರೆ, ದಯವಿಟ್ಟು ಬೇಡ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಗುಂಡಿಯಲ್ಲೆಲ್ಲ ನೆರಳು ತುಂಬಿ ಅಕ್ಷರ ಎದ್ದು ಬರುತ್ತದೆ. ಹಳೆಯ ೞ ಅಕ್ಷರ ಇದೆಯಾ ಅಂತ ನಾನು ಮೊದಲು ಹುಡುಕುತ್ತೇನೆ. 12ನೇ ಶತಮಾನದ ಹೊತ್ತಿಗೆ ಅದರ ಬಳಕೆ ತಪ್ಪುತ್ತಾ ಬಂದಿತ್ತು, ಹಾಗಾಗಿ ಅದು ಸಿಕ್ಕರೆ ಕಾಲದ ಒಂದು ಸುಳಿವು ಸಿಕ್ಕ ಹಾಗೆ. ಹೊಸ ಶಾಸನ ಸಿಕ್ಕಿತು ಅಂತ ಕುಣಿಯೋ ಮುಂಚೆ ನಮ್ಮ ಕಡೆಯ ಶಾಸನಗಳನ್ನು ಅಚ್ಚುಮಾಡಿರುವ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ನೋಡಬೇಕು. ಅವನ್ನು ಹೊರತರಲು ಶುರುಮಾಡಿದ ಬಿ.ಎಲ್. ರೈಸ್ ಕಾಲದಲ್ಲೇ ತಾಲ್ಲೂಕುವಾರು ಸಾವಿರಾರು ಶಾಸನ ಅಚ್ಚಾಗಿವೆ.

ಇಂಥ ಕಲ್ಲಲ್ಲಿ ಏನಿರುತ್ತದೆ ಅಂತ ಯಾರಾದರೂ ಕೇಳಿದರೆ ಎರಡು ಊರಿನ ಹೆಸರು ಹೇಳುತ್ತೇನೆ. ಒಂದು ಬೆಂಗಳೂರಿನ ಬೇಗೂರು. ಅಲ್ಲಿಯ ಗುಡಿಯ ಸುಮಾರು 9ನೇ ಶತಮಾನದ ವೀರಗಲ್ಲಿನಲ್ಲಿ 'ಬೆಂಗಳೂರು' ಅನ್ನೋ ಹೆಸರು ಆಗಲೇ ಇದೆ. ಇನ್ನೊಂದು ಇದೇ ಮಂಡ್ಯ ಜಿಲ್ಲೆಯ ಆತಕೂರು. ಅಲ್ಲಿ ಸಿಕ್ಕ 10ನೇ ಶತಮಾನದ ಕಲ್ಲು ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಅನ್ನೋ ನಾಯಿಯದು. ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ.

ಅಷ್ಟು ಹೊತ್ತಿಗೆ ಜನ ಸೇರಿದ್ದರು. ಕೆಳಗೆ ನಿಧಿ ಇದೆಯಾ, ಕಲ್ಲಿಗೆ ಎಷ್ಟು ಬೆಲೆ, ಈ ಎರಡು ಪ್ರಶ್ನೆ ಎಲ್ಲ ಊರಲ್ಲೂ ಬರುತ್ತವೆ. ನಿಧಿ ಇಲ್ಲ, ಮಾರೋ ವಸ್ತುವೂ ಅಲ್ಲ ಅಂದೆ. ನನಗೆ ಭಯವಾಗಿದ್ದು ಗುಡಿ ಸಮಿತಿಯವರ ಮಾತಿಗೆ. "ಗೊತ್ತೇ ಇರಲಿಲ್ಲ ಸಾರ್. ಮುಂದಿನ ಜಾತ್ರೆ ಹೊತ್ತಿಗೆ ಕಟ್ಟೆ ಕಟ್ಟಿಸಿ, ಬಣ್ಣ ಹೊಡೆಸಿಬಿಡ್ತೀವಿ."

ಹಿಂದೆ ಇನ್ನೊಂದು ಊರಲ್ಲಿ ಹೀಗೇ ಒಂದು ಕಲ್ಲು ತೋರಿಸಿ, ಇದು ಬಹಳ ಹಳೆಯದು, ಜೋಪಾನ ಅಂತ ಭಾಷಣ ಮಾಡಿ ಬಂದಿದ್ದೆ. ಎರಡು ವರ್ಷ ಬಿಟ್ಟು ಹೋದರೆ ವೀರನಿಗೆ ಗುಲಾಬಿ ಎನಾಮಲ್ ಮೈ, ಕಪ್ಪು ಮೀಸೆ, ಮುರಿದಿದ್ದ ಮೂಗಿಗೆ ಸಿಮೆಂಟು. ಅಕ್ಷರದ ಪಟ್ಟಿ ಕಟ್ಟೆಯೊಳಗೆ ಹೋಗಿತ್ತು. ಅವರು ಮಾಡಿದ್ದು ಪ್ರೀತಿಯಿಂದಲೇ. ಏನು ಮಾಡಬಾರದು ಅಂತ ಹೇಳದೆ ಬಂದಿದ್ದು ನನ್ನ ತಪ್ಪು.

ಹಾಗಾಗಿ ಈ ಸಲ ಕೂತು ಹೇಳಿದೆ. ನೆಲದ ತೇವ ಕಲ್ಲಿಗೆ ಏರುತ್ತದೆ, ಮೈಯಿಂದ ಆರುತ್ತದೆ. ಎನಾಮಲ್ ಬಳಿದರೆ ಆರುವ ದಾರಿ ಮುಚ್ಚುತ್ತದೆ. ಸಿಮೆಂಟಿನ ಉಪ್ಪು ತೇವದ ಜೊತೆ ಕಲ್ಲಿನೊಳಗೆ ಸೇರಿ, ಒಣಗುವಾಗ ಹರಳುಗಟ್ಟಿ ಮೇಲ್ಪದರವನ್ನು ಹಕ್ಕಳೆ ಹಕ್ಕಳೆಯಾಗಿ ಎಬ್ಬಿಸುತ್ತದೆ. ಎಣ್ಣೆಗೆ ಧೂಳು ಅಂಟಿ ಕರಿ ಜಿಡ್ಡಾಗುತ್ತದೆ. ಆಮೇಲೆ ಆ ಜಿಡ್ಡು ತೆಗೆಯಲು ಯಾರೋ ಆಸಿಡ್ ತರುತ್ತಾರೆ, ಇಲ್ಲವೇ ಮರಳು ಊದುವ ಮಿಷನ್ ತರಿಸುತ್ತಾರೆ. ಅಲ್ಲಿಗೆ ಅಕ್ಷರದ ಕತೆ ಮುಗಿಯಿತು.

"ಹಾಗಾದ್ರೆ ಏನೂ ಮಾಡೋದೇ ಬೇಡ್ವಾ?" ಸಮಿತಿಯವರಿಗೆ ಸ್ವಲ್ಪ ಬೇಸರವಾಗಿತ್ತು. ಪೊದೆ ಕಡಿಯಿರಿ ಅಂದೆ. ಮಳೆನೀರು ನಿಲ್ಲದ ಹಾಗೆ ಒಂದು ಕಾಲುವೆ ತೋಡಿ. ನಾಲ್ಕೂ ಕಡೆಯಿಂದ ಫೋಟೋ ತೆಗೆದಿಟ್ಟುಕೊಂಡು ಪುರಾತತ್ವ ಇಲಾಖೆಗೆ ಒಂದು ಪತ್ರ ಹಾಕಿ. ಅವರು ಹೇಳೋವರೆಗೆ ಕಲ್ಲನ್ನು ಆ ಜಾಗದಿಂದ ಎತ್ತಬೇಡಿ. ಹೂವು ಇಡಬೇಕು ಅನ್ನಿಸಿದರೆ ಮುಂದೆ ನೆಲದ ಮೇಲೆ ಇಡಿ, ಯಾರು ಬೇಡ ಅಂತಾರೆ.

ಎಮ್ಮೆಯನ್ನು ಮಾತ್ರ ನಾನು ಹೊರಡೋ ಮುಂಚೆಯೇ ಬೇರೆ ಕಡೆ ಕಟ್ಟಿದರು.