ಬಚ್ಚಲ ಗೋಡೆ ಹತ್ತಿದ ಹಾವು

ಆಷಾಢದ ಜಡಿಮಳೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಬಚ್ಚಲಿಗೆ ರಾತ್ರಿ ಟಾರ್ಚ್ ಹಿಡಿದು ಹೋದರೆ, ಕಲ್ಲುಗೋಡೆಯ ಸಂದಿಯಲ್ಲಿ ಮೊಳದುದ್ದದ ಹಾವು. ಮೈಮೇಲೆ ಪಟ್ಟೆ. ‘ಕಟ್ಟು ಹಾವು ಕಣೋ, ಹತ್ರ ಹೋಗ್ಬೇಡ!’ ಎಂದು ದೊಡ್ಡಮ್ಮ ಕೂಗಿದರು. ಕಟ್ಟು ಹಾವು ಅಂದರೆ ಕಡು ವಿಷದ ಹಾವು. ಕೋಲು ಆಗಲೇ ಅವರ ಕೈಯಲ್ಲಿತ್ತು.

ಹಾವಿನ ಬಾಯಲ್ಲಿ ಒಂದು ಹಲ್ಲಿ ಇತ್ತು. ಅರ್ಧ ಒಳಗೆ, ಬಾಲ ಇನ್ನೂ ಹೊರಗೆ ತಿರುಚಿಕೊಳ್ಳುತ್ತಿತ್ತು. ಅದನ್ನು ನೋಡಿ ನನಗೆ ಅನುಮಾನ ಬಂತು. ಇದು ತೋಳ ಹಾವು ಇರಬಹುದಾ? ವಿಷವಿಲ್ಲದ ಈ ಹಾವಿಗೆ ಹಲ್ಲಿ ಅಂದರೆ ಪ್ರಾಣ. ಮುಂದಿನ ಹಲ್ಲುಗಳು ತೋಳದ ಕೋರೆಯ ಹಾಗೆ ಉದ್ದ. ನುಣುಪು ಮೈಯ ಹಲ್ಲಿ, ಹಾವುರಾಣಿಗಳು ಜಾರಿಹೋಗದಂತೆ ಕಚ್ಚಿ ಹಿಡಿಯೋಕೆ ಅವು ಬೇಕು. ಹೆಸರು ಬಂದದ್ದೂ ಅದರಿಂದಲೇ. ಒರಟು ಗೋಡೆಯನ್ನು ಸಲೀಸಾಗಿ ಹತ್ತುತ್ತದೆ.

ಆದರೆ ಗೋಡೆ ಹತ್ತಿತು ಅಂತ ಮಾತ್ರಕ್ಕೆ ನಂಬುವ ಹಾಗಿಲ್ಲ. ಕುತ್ತಿಗೆ ನೋಡಬೇಕು. ತೋಳ ಹಾವಿಗೆ ಪಟ್ಟೆ ಕುತ್ತಿಗೆಯಲ್ಲೇ ಅಗಲವಾಗಿ ಶುರುವಾಗುತ್ತದೆ, ಬಾಲದ ಕಡೆ ಹೋಗುತ್ತಾ ಮಾಸುತ್ತದೆ. ಕಟ್ಟು ಹಾವಿನಲ್ಲಿ ತಿರುಗುಮುರುಗು. ತಲೆಯ ಹತ್ತಿರ ಪಟ್ಟೆ ಇಲ್ಲ ಅಥವಾ ಮಸುಕು, ಹಿಂದೆ ಹೋದಂತೆ ತೆಳ್ಳಗಿನ ಬಿಳಿ ಗೆರೆಗಳು ಜೋಡಿ ಜೋಡಿಯಾಗಿ ಎದ್ದು ಕಾಣುತ್ತವೆ. ಮೈಬಣ್ಣ ಹೊಳೆಯುವ ಕಪ್ಪು. ತೋಳ ಹಾವಿನದು ಸಾಮಾನ್ಯವಾಗಿ ಕಂದು. ಇನ್ನೊಂದು ಗುರುತು ಬೆನ್ನಿನ ನಡುಗೆರೆ. ಕಟ್ಟು ಹಾವಿಗೆ ಅಲ್ಲಿ ಆರು ಮೂಲೆಯ ದೊಡ್ಡ ಹುರುಪೆಗಳ ಒಂದು ಸಾಲೇ ಇರುತ್ತದೆ. ತೋಳ ಹಾವಿಗೆ ಬೆನ್ನಿಡೀ ಒಂದೇ ಅಳತೆಯ ಹುರುಪೆ. ಇದನ್ನೆಲ್ಲ ಹತ್ತಿರ ಹೋಗಿ ನೋಡಬೇಡಿ. ದೂರದಿಂದ ಫೋಟೋ ತೆಗೆದು, ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿ.

ಕಟ್ಟು ಹಾವಿನ ಮರಿಗಳಲ್ಲಿ ಪಟ್ಟೆ ಕುತ್ತಿಗೆವರೆಗೂ ಬರುವುದುಂಟು. ಪಟ್ಟೆಯೇ ಇಲ್ಲದ ತೋಳ ಹಾವುಗಳೂ ಇವೆ. ಹಾಗಾಗಿ ಸ್ವಲ್ಪ ಅನುಮಾನ ಉಳಿದರೂ ಕಟ್ಟು ಹಾವೆಂದೇ ತಿಳಿದು ದೂರ ನಿಲ್ಲಿ. ಅದು ಕಚ್ಚಿದರೆ ಎಷ್ಟೋ ಸಲ ನೋವೂ ಇರಲ್ಲ, ಬಾವೂ ಬರಲ್ಲ. ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗಲ್ಲ. ಆಮೇಲೆ ರೆಪ್ಪೆ ಜೋತುಬೀಳುತ್ತದೆ, ಉಸಿರಾಟ ಸೋಲುತ್ತದೆ. ಅನುಮಾನ ಬಂದ ತಕ್ಷಣ ಆಸ್ಪತ್ರೆಗೇ ಓಡಬೇಕು, ನಾಟಿ ಮದ್ದಿಗೆ ಕಾಯುತ್ತಾ ಕೂರಬಾರದು.

ಬಚ್ಚಲಲ್ಲಿದ್ದದ್ದು ತೋಳ ಹಾವೇ. ಹಲ್ಲಿ ನುಂಗಿ ಮುಗಿಸಿ, ನೀರು ಹೋಗುವ ತೂತಿನಲ್ಲಿ ಸದ್ದಿಲ್ಲದೆ ಜಾರಿಹೋಯಿತು. ದೊಡ್ಡಮ್ಮ ಕೋಲನ್ನು ಮೂಲೆಗಿಟ್ಟರು. ಹಿಂದಿನ ವರ್ಷ ಕೊಟ್ಟಿಗೆಯ ಹತ್ತಿರ ನಾವು ಹೊಡೆದು ಕೊಂದ ‘ಕಟ್ಟು ಹಾವಿನ’ ಫೋಟೋ ನನ್ನ ಮೊಬೈಲಿನಲ್ಲಿತ್ತು. ಆ ರಾತ್ರಿ ತೆಗೆದು ನೋಡಿದೆ. ಕಂದು ಮೈ, ಕುತ್ತಿಗೆಯಲ್ಲಿ ಅಗಲವಾದ ಬಿಳಿ ಪಟ್ಟೆ.